ಮೊದಲ ಸೀನ್ ದೇವರಿಗೆ

ಅರವತ್ತು ಹೆಂಗಸರಿಗೆ ಒಂದೇ ಟೋಕನ್. ನೀಲಿ ಪ್ಲಾಸ್ಟಿಕ್ಕಿನದು, ಬಿಸ್ಕತ್ತಿನಷ್ಟು ಅಗಲ, ಮೇಲೆ ನಾಲ್ಕು ಅಂತ ಬರೆದಿತ್ತು. ನಾಲ್ಕು ಅಂದರೆ ಗಾರ್ಮೆಂಟ್ಸಿನ ನಾಲ್ಕನೇ ಲೈನು. ಮೂತ್ರಕ್ಕೆ ಹೋಗಬೇಕಾದವಳು ಸೂಪರ್‌ವೈಸರ್ ಮೇಜಿನಿಂದ ಅದನ್ನು ಎತ್ತಿಕೊಂಡು ಹೋಗಬೇಕು, ಐದು ನಿಮಿಷದಲ್ಲಿ ತಂದಿಡಬೇಕು. ಮೇಜು ಖಾಲಿ ಇದ್ದರೆ ಇನ್ಯಾರೋ ಒಳಗಿದ್ದಾಳೆ ಅಂತ ತಿಳಿದು, ಕಾಲು ಬಿಗಿಹಿಡಿದು ಕಾಲರ್ ಹೊಲಿಯುತ್ತಿರಬೇಕು. ನನ್ನ ಹೆಂಡತಿ ನಜ್ಮುನ್ನೀಸಾ ಆ ಲೈನಿನಲ್ಲಿ ಹದಿನಾಲ್ಕನೇ ಮಿಶಿನ್ನು. ಮನೆಯಿಂದ ಹೊರಡುವಾಗಲೂ ನೀರು ಕುಡಿಯುತ್ತಿರಲಿಲ್ಲ, ಅಲ್ಲಿ ಹೋದ ಮೇಲೂ ಕುಡಿಯುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಒಂದು ಬಿಂದಿಗೆ ಕುಡಿಯುತ್ತಿದ್ದಳು. ಅವಳು ಕುಡಿದ ಏಟಿಗೆ ಯಲಹಂಕ ಕೆರೆಯ ನೀರು ಒಂದು ಮೊಳ ಇಳಿಯುತ್ತಿತ್ತು.

ನಾನು ಗಯಾಸ್. ಯಲಹಂಕ ಹಳೇ ಊರಿನಲ್ಲಿ ನನ್ನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಹೆಬ್ಬಾಳದಿಂದ ಆಚೆಗೆ ಕನ್ನಡದಲ್ಲಿ ಏನೇ ಅಚ್ಚಾಗಿದ್ದರೂ ಅದು ನನ್ನ ಹತ್ತು ಬೆರಳು ದಾಟಿಯೇ ಹೋಗಿರುತ್ತದೆ. ಮದುವೆ ಕಾಗದ, ತಿಥಿ ಕಾಗದ, ಬಾಡಿಗೆ ಕರಾರು, ಪಂಚಾಯಿತಿಗೆ ಬರೆದ ಬೈಗುಳ, ಎಲ್ಲಾ. ನಾನು ಟೈಪ್ ಮಾಡುವ ಸ್ಪೀಡಿಗೆ ಒಮ್ಮೆ ಕೀಬೋರ್ಡಿನಿಂದ ಹೊಗೆ ಎದ್ದು ಪಕ್ಕದ ಬೇಕರಿಯವನು ಬಕೆಟ್ಟಿನಲ್ಲಿ ನೀರು ತಂದಿದ್ದ. ಬೇಕಾದರೆ ಹೋಗಿ ಅವನನ್ನೇ ಕೇಳಿ. ಅವನು ಇಲ್ಲ ಅನ್ನುತ್ತಾನೆ, ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು.

ನಾಲ್ಕು ವರ್ಷದ ಹಿಂದೆ ಒಂದು ಮಂಗಳವಾರ ನಾಲ್ಕನೇ ಲೈನಿನ ಲಕ್ಕಮ್ಮ ಟೋಕನ್ ಇಲ್ಲದೆ ಎದ್ದು ನಿಂತಳು. ಆಕೆಗೆ ಮೂತ್ರಕೋಶದ ತೊಂದರೆ, ಡಾಕ್ಟರು ತಡೆಹಿಡಿಯಬೇಡ ಅಂದಿದ್ದರು. ಸೂಪರ್‌ವೈಸರ್ ಬೈದ. ಲಕ್ಕಮ್ಮ ಕೂರಲಿಲ್ಲ. ಆಗ ಪಕ್ಕದ ಮಿಶಿನ್ನಿನವಳು ಸ್ವಿಚ್ ಆರಿಸಿ ಎದ್ದಳು. ಅವಳ ಪಕ್ಕದವಳು ಎದ್ದಳು. ಕೊನೆಗೆ ಅರವತ್ತೂ ಜನ. ಆ ಮೌನಕ್ಕೆ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸುಗಳು ತಾವಾಗಿಯೇ ನಿಂತವು, ಇಳಿಯಬೇಕಾದ ವಿಮಾನ ಮೂರು ಸುತ್ತು ಸುತ್ತಿ ಹೈದರಾಬಾದಿಗೆ ಹೋಯಿತು. ಇರಲಿ, ವಿಮಾನದ್ದು ನಾನು ಸೇರಿಸಿದ್ದು. ಆದರೆ ಅವರು ಹದಿಮೂರು ನಿಮಿಷ ನಿಂತಿದ್ದರು. ಅದಕ್ಕೆ ನಾನು ಒಂದು ನಿಮಿಷವನ್ನೂ ಸೇರಿಸುವುದಿಲ್ಲ.

ಕಂಪನಿಯವರು ರಿಜಿಸ್ಟರಿನಲ್ಲಿ ಬರೆದರು: ವಿದ್ಯುತ್ ವ್ಯತ್ಯಯ, ಹದಿಮೂರು ನಿಮಿಷ. ಲಕ್ಕಮ್ಮನ ಕೈಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಿದರು: ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಆ ಕಾಗದವನ್ನೂ ಯಾರೋ ಟೈಪ್ ಮಾಡಿದ್ದಾರೆ. ನಾನಲ್ಲ.

ಪಕ್ಕದ ಮಿಶಿನ್ನಿನವಳು, ಮೊದಲು ಸ್ವಿಚ್ ಆರಿಸಿದವಳು, ಕೋಗಿಲಿನ ಮುನಿಕೃಷ್ಣಮ್ಮ. ಏಳನೇ ಕ್ಲಾಸು ಓದಿದ್ದಾಳೆ. ಆಕೆ ಇದನ್ನೆಲ್ಲ ಕಾದಂಬರಿ ಬರೆದಳು. ಶರ್ಟಿನ ಡಬ್ಬದೊಳಗೆ ಇಡುವ ರಟ್ಟಿನ ಹಿಂಬದಿಯಲ್ಲಿ ಬರೆದು, ಟಿಫಿನ್ ಚೀಲದಲ್ಲಿ ತಂದು ನನ್ನ ಮುಂದೆ ಸುರಿದಳು.

"ಗಯಾಸಣ್ಣ, ಇದನ್ನ ಪುಸ್ತಕ ಮಾಡ್ಕೊಡು."

"ಅಕ್ಕಾ, ಇದು ಪುಸ್ತಕ ಅಲ್ಲ, ಗುಜರಿ."

"ಓದ್ಬುಟ್ಟು ಮಾತಾಡು."

ಓದಿದೆ. ಅಂಗಡಿ ಬಾಗಿಲು ಹಾಕಿಕೊಂಡು ಅತ್ತೆ. ನನ್ನ ಕಣ್ಣೀರಿಗೆ ಎರಡು ಮೌಸು ಕೆಟ್ಟವು. 'ನಾಲ್ಕನೇ ಲೈನು' ಅಂತ ಹೆಸರಿಟ್ಟು ಮುನ್ನೂರು ಪ್ರತಿ ಹಾಕಿದೆವು. ಯಾವುದೋ ಸಂಘದವರು ಬಹುಮಾನ ಕೊಟ್ಟರು, ಪೇಪರಿನಲ್ಲಿ ಮುನಿಕೃಷ್ಣಮ್ಮನ ಫೋಟೋ ಬಂತು. ಆ ಪೇಪರಿನಲ್ಲೇ ಬೋಂಡ ಕಟ್ಟಿಸಿಕೊಂಡು ತಿನ್ನುತ್ತಿದ್ದ ನಿರ್ಮಾಪಕ ವಿಜಯ್ ಕುಮಾರ್ ಕಣ್ಣಿಗೆ ಅದು ಬಿತ್ತು. ವಿಜಯ್ ಕುಮಾರ್ ಅಂದರೆ ಮೊದಲು ಗಾರ್ಮೆಂಟ್ಸ್ ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಬರುತ್ತಿದ್ದವನು. ಹದಿನಾರು ಸೀಟಿನ ಗಾಡಿಯಲ್ಲಿ ನಲವತ್ತು ಜನ. ಆಮೇಲೆ ಫ್ಲೆಕ್ಸ್ ಅಂಗಡಿ, ಆಮೇಲೆ ಸೈಟು, ಈಗ ಸಿನಿಮಾ. ಕಾದಂಬರಿ ಆಧರಿಸಿದ ಪಿಚ್ಚರ್ ಅಂದರೆ ಸರ್ಕಾರದ ಸಬ್ಸಿಡಿ ಸಲೀಸು ಅಂತ ಅವನಿಗೆ ಯಾರೋ ಹೇಳಿದ್ದರು.

ಆರ್.ಟಿ. ನಗರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಅವನ ಆಫೀಸು. ಅವನು ಕರೆಸಿದಾಗ ಮುನಿಕೃಷ್ಣಮ್ಮ, ಟೈಪಿಸ್ಟ್ ಬೇಕು ಅಂತ, ನನ್ನನ್ನೂ ಕರೆದುಕೊಂಡು ಹೋದಳು. ಪುಸ್ತಕ ಮುಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ಮೇಡಮ್, ನಾನು ಓದಲ್ಲ. ಓದಿದ್ರೆ ಫೀಲ್ ಹೋಗ್ಬಿಡುತ್ತೆ. ನೀವು ಹೇಳಿ, ನಾನು ಕಣ್ಮುಚ್ಕೊಂಡು ಪಿಚ್ಚರ್ ನೋಡ್ತೀನಿ."

ಸಿನಿಮಾದಲ್ಲಿ ಇದೇ ಪದ್ಧತಿ. ಕಥೆಯನ್ನು ಯಾರೂ ಓದುವುದಿಲ್ಲ, ಕೇಳುತ್ತಾರೆ. ಮುನಿಕೃಷ್ಣಮ್ಮ ಹೇಳಿದಳು. ಅವನು ಕಣ್ಣು ಮುಚ್ಚಿದ. ಲಕ್ಕಮ್ಮ ಎದ್ದು ನಿಲ್ಲುವ ಜಾಗ ಬರುವ ಹೊತ್ತಿಗೆ ಗೊರಕೆ ಶುರುವಾಗಿತ್ತು. ಕೆಳಗಿನ ಅಂಗಡಿಯವನು ಕಾಂಕ್ರೀಟ್ ಮಿಕ್ಸರ್ ಯಾರು ಆನ್ ಮಾಡಿದ್ದು ಅಂತ ನೋಡಲು ಮೇಲೆ ಬಂದ.

"ಸೂಪರ್ ಮೇಡಮ್," ಅಂದ ವಿಜಯ್ ಕುಮಾರ್ ಎಚ್ಚರಾಗಿ. "ಕಥೆ ಲಾಕ್."

ಮುನಿಕೃಷ್ಣಮ್ಮ ಕೆಲಸ ಬಿಟ್ಟಳು, ಚಿತ್ರಕಥೆಗಾರ್ತಿ ಆದಳು. ಆವತ್ತು ಸಂಜೆ ಲಕ್ಕಮ್ಮನ ಮನೆಗೆ ಹೋಗಿ ಹೇಳಿದಳು. ಜೊತೆಗೆ ನಾನೂ ಇದ್ದೆ. ಲಕ್ಕಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ನಾನು ಎದ್ದು ನಿಂತಿದ್ದು ತೋರಿಸ್ತಾರಾ?"

"ಅದೇ ಕಣಕ್ಕ ಪಿಚ್ಚರ್ರು."

"ಅಂಗಾದ್ರೆ ಸರಿ. ನಮ್ಮನೇಲಿ ಇವತ್ಗೂ ಅಂತಾರೆ, ಸೊಕ್ಕಿಗೆ ಕೆಲ್ಸ ಬುಟ್ಟು ಬಂದ್ಲು ಅಂತ. ಕಾಗ್ದದಲ್ಲೂ ಅಂಗೇ ಐತೆ. ಒಂದ್ಸಲ ತೋರಿಸ್ಬುಡು ಮುನಿಕೃಷ್ಣಿ. ಸಾಕು."

ಆ ಮಾತನ್ನು ಮುನಿಕೃಷ್ಣಮ್ಮ ಸೆರಗಿಗೆ ಗಂಟು ಹಾಕಿಕೊಂಡಳು.

ಏಳು ತಿಂಗಳು ಡಿಸ್ಕಷನ್ ನಡೆಯಿತು. ಆ ರೂಮಿನಲ್ಲಿ ಯಾರು ಬೇಕಾದರೂ ಕಥೆಗೆ ಕೈಹಾಕಬಹುದು, ಬರೆದವಳೊಬ್ಬಳನ್ನು ಬಿಟ್ಟು. ವಿಜಯ್ ಕುಮಾರನ ಭಾಮೈದ ಹೇಳಿದ, "ಭಾವ, ಟಾಯ್ಲೆಟ್ಟು ಗೀಯ್ಲೆಟ್ಟು ಅಂದ್ರೆ ಫ್ಯಾಮಿಲಿ ಆಡಿಯನ್ಸ್ ಬರಲ್ಲ." ಟಾಯ್ಲೆಟ್ ಹೋಯಿತು. ಡ್ರೈವರ್ ಹೇಳಿದ, "ಹೀರೋಯಿನ್ ಗಾರ್ಮೆಂಟ್ಸ್ ಬೇಡ ಸಾರ್, ಏರ್‌ಹೋಸ್ಟೆಸ್ ಮಾಡಿ, ಏರ್‌ಪೋರ್ಟ್ ಇಲ್ಲೇ ಐತೆ." ಗಾರ್ಮೆಂಟ್ಸ್ ಹೋಯಿತು. ಅಡುಗೆಯವನು ಚಿತ್ರಾನ್ನ ಬಡಿಸುತ್ತಾ ಹೇಳಿದ, "ಹೆಂಗಸ್ರೇ ಎದ್ದು ನಿಂತ್ರೆ ಹೀರೋ ಯಾಕೆ?" ಎಲ್ಲರೂ ಅವನನ್ನು ಹೊಗಳಿದರು, ಇನ್ನೊಂದು ಸೌಟು ಬಡಿಸಿಕೊಂಡರು. ಅರವತ್ತು ಹೆಂಗಸರೂ ಹೋದರು.

ಉಳಿದಿದ್ದು ಟೋಕನ್ ಒಂದೇ. ಅದು ಹೀರೋ ಹೆಸರಾಯಿತು. ಟೋಕನ್ ಶಿವ. ಯಶವಂತಪುರ ಮಾರ್ಕೆಟ್ಟಿನ ರೌಡಿ, ಎದೆ ಮೇಲೆ ಚಿನ್ನದ ಟೋಕನ್, ಕೆನ್ನೆಗೆ ಹೊಡೆದರೆ ಲಾರಿ ಪಲ್ಟಿ.

"ಸಾರ್, ಇದ್ರಲ್ಲಿ ನನ್ ಕಥೆ ಎಲ್ಲೈತೆ?" ಅಂದಳು ಮುನಿಕೃಷ್ಣಮ್ಮ.

"ಅಂಡರ್‌ಕರೆಂಟ್ ಮೇಡಮ್. ಒಳಗೆ ಹರೀತಿರುತ್ತೆ."

"ಅಂಗಾದ್ರೆ ನನ್ ಹೆಸ್ರು ತೆಗೆದ್ಬುಡಿ."

"ಅದೊಂದು ಮಾತ್ರ ಆಗಲ್ಲ. ನಿಮ್ಮ ಹೆಸರಿಲ್ಲ ಅಂದ್ರೆ ಕಾದಂಬರಿ ಆಧಾರಿತ ಹೆಂಗಾಗುತ್ತೆ? ಕಥೆ, ಚಿತ್ರಕಥೆ, ಮುನಿಕೃಷ್ಣಮ್ಮ. ಆನೆ ಸೈಜಲ್ಲಿ ಹಾಕ್ತೀನಿ."

ಎಲ್ಲ ಬರಹಗಾರರೂ ಹೆಸರು ಹಾಕಲಿಲ್ಲ ಅಂತ ಜಗಳವಾಡುತ್ತಾರೆ. ಈಕೆ ನನ್ನ ಹೆಸರು ತೆಗೆಯಿರಿ ಅಂತ ಜಗಳವಾಡಿ ಸೋತಳು. ಇನ್ನೊಂದು ಹೇಳಬೇಕು. ಆ ಆಫೀಸಿನಲ್ಲಿದ್ದ ಒಂದೇ ಒಂದು ಕಕ್ಕಸು ವಿಜಯ್ ಕುಮಾರನ ಕ್ಯಾಬಿನ್ನಿನ ಒಳಗೆ. ಅವನು ಫೋನಿನಲ್ಲಿದ್ದರೆ ಯಾರೂ ಒಳಗೆ ಹೋಗುವಂತಿಲ್ಲ, ಅವನು ದಿನವಿಡೀ ಫೋನಿನಲ್ಲೇ ಇರುತ್ತಿದ್ದ. ಮುನಿಕೃಷ್ಣಮ್ಮ ಅಲ್ಲೂ ನೀರು ಕುಡಿಯುವುದು ಬಿಟ್ಟಳು.

ಆದರೆ ಆಕೆ ಸುಮ್ಮನೆ ಕೂತಿರಲಿಲ್ಲ. ವಾರಕ್ಕೊಂದು ಹೊಸ ವರ್ಷನ್ ನನ್ನಿಂದ ಟೈಪಾಗಿ ಬರುತ್ತಿತ್ತು, ಹಳೆಯದು ರದ್ದಾಗುತ್ತಿತ್ತು. ಆ ರದ್ದು ಹಾಳೆಗಳನ್ನೆಲ್ಲ ಮನೆಗೆ ಒಯ್ದು, ಹಿಂಬದಿಯಲ್ಲಿ ಗೀಟು ಹಾಕಿ, ಎಡಕ್ಕೆ ದೃಶ್ಯ ಬಲಕ್ಕೆ ಮಾತು ಅಂತ ಸಿನಿಮಾದವರ ಕ್ರಮದಲ್ಲೇ, ನಾಲ್ಕನೇ ಲೈನಿನ ಕಥೆಯನ್ನು ಮೊದಲಿಂದ ಚಿತ್ರಕಥೆ ಮಾಡಿ ಬರೆದಿದ್ದಳು. ಒಂದು ಮಗ್ಗುಲಲ್ಲಿ ಟೋಕನ್ ಶಿವ ಲಾರಿ ಎತ್ತುತ್ತಿದ್ದರೆ ಇನ್ನೊಂದು ಮಗ್ಗುಲಲ್ಲಿ ಲಕ್ಕಮ್ಮ ಎದ್ದು ನಿಲ್ಲುತ್ತಿದ್ದಳು.

ಅಷ್ಟರಲ್ಲಿ ಸ್ಕ್ರಿಪ್ಟ್ ಪೂಜೆ ಬಂತು. ಸಿನಿಮಾದವರು ಶೂಟಿಂಗಿಗೆ ಮುಂಚೆ ಬರೆದ ಫೈಲನ್ನು ದೇವಸ್ಥಾನಕ್ಕೆ ಒಯ್ದು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿಸುತ್ತಾರೆ. ಇದಕ್ಕೆಲ್ಲ ವಿಜಯ್ ಕುಮಾರನ ಗುರು ಬ್ಯಾಟರಾಯಪ್ಪ. ಮೊದಲು ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸುತ್ತಿದ್ದ. ನೀರು ಬತ್ತಿದ ಮೇಲೆ ಸಂಖ್ಯಾಶಾಸ್ತ್ರಕ್ಕೆ ಇಳಿದ. ಆತನ ಕಟ್ಟಪ್ಪಣೆ ಎರಡು. ಫೈಲಿನಲ್ಲಿ ನೂರೆಂಟೇ ಪುಟ ಇರಬೇಕು. ದೇವರ ಮುಂದೆ ಇಟ್ಟ ಮೇಲೆ ಒಂದು ಅಕ್ಷರ ಬದಲಾಯಿಸಿದರೂ ನಿರ್ಮಾಪಕನ ಮನೆ ಗುಡಿಸಿ ಹೋಗುತ್ತದೆ.

"ಹೋದ ಸಲ ನಿನ್ ಪಿಚ್ಚರ್ ಯಾಕೆ ಮಲಗ್ತು?" ಅಂದನಂತೆ. "ಪೂಜೆ ಆದ್ಮೇಲೆ ಕ್ಲೈಮ್ಯಾಕ್ಸಲ್ಲಿ ಒಂದು ಕಾಮಾ ತೆಗೆದ್ರಿ."

ವಿಜಯ್ ಕುಮಾರ್ ಅದನ್ನು ನಂಬಿದ್ದ. ಆ ಕಾಮಾ ನೆನೆಸಿಕೊಂಡು ಈಗಲೂ ಬೆವರುತ್ತಿದ್ದ.

ಪೂಜೆಯ ದಿನ ಬೆಳಿಗ್ಗೆ ಆರಕ್ಕೆ ಫೋನ್ ಬಂತು. "ಗಯಾಸ್, ಫೈಲ್ ರೆಡಿ ಮಾಡು ಗುರು. ನೂರೆಂಟು ಪುಟ."

"ಸಾರ್, ಟೋಕನ್ ಶಿವ ಅರವತ್ತೊಂದೇ ಪುಟ ಇದೆ. ಫೈಟ್ ಬರೋ ಕಡೆಯೆಲ್ಲಾ ಬರೀ ಫೈಟ್ ಅಂತ ಬರೆದಿದ್ದೀರಿ."

"ಏನಾದ್ರೂ ತುಂಬಿಸು. ಯಾರ್ ಓದ್ತಾರೆ."

ಅಂಗಡಿಯಲ್ಲಿ ಮುನಿಕೃಷ್ಣಮ್ಮ ಇದ್ದಳು. ಸ್ಪೀಕರಿನಲ್ಲಿ ಎಲ್ಲಾ ಕೇಳಿಸಿಕೊಂಡಳು. ಟಿಫಿನ್ ಚೀಲದಿಂದ ತನ್ನ ಹಾಳೆಗಳನ್ನು ತೆಗೆದು ನನ್ನ ಮುಂದೆ ಇಟ್ಟಳು.

"ಅಕ್ಕಾ, ಗೊತ್ತಾದ್ರೆ ನನ್ನ ಅಂಗಡಿ ಮುಚ್ಚಿಸ್ತಾನೆ."

"ಏನಾದ್ರೂ ತುಂಬಿಸು ಅಂದ್ರಲ್ಲಣ್ಣ. ಇದೂ ಏನೋ ಒಂದು."

ಮೂರೂವರೆ ಗಂಟೆಯಲ್ಲಿ ಪೂರ್ತಿ ಟೈಪ್ ಮಾಡಿದೆ. ಭಾರತದಲ್ಲಿ ಇದು ದಾಖಲೆ. ತೊಂಬತ್ನಾಲ್ಕು ಪುಟ ಬಂತು, ಅಕ್ಷರದ ಸೈಜು ಎರಡು ಪಾಯಿಂಟ್ ಏರಿಸಿದೆ, ನೂರೆಂಟಕ್ಕೆ ಸರಿಯಾಗಿ ಕೂತಿತು. ಟೋಕನ್ ಶಿವನ ಒಂದು ಪುಟವನ್ನೂ ಅದರೊಳಗೆ ಬಿಡಲಿಲ್ಲ. ಕೇಳಿದವರಿಗೆಲ್ಲಾ ಕೈತಪ್ಪಿ ಆಯಿತು ಅಂತ ಹೇಳಿದ್ದೇನೆ. ನನ್ನ ಕೈ ಹುಟ್ಟಿದಾಗಿನಿಂದ ಒಮ್ಮೆಯೂ ತಪ್ಪಿಲ್ಲ, ಅದು ಅವರಿಗೆ ಗೊತ್ತಿಲ್ಲ.

ಕೆಂಪು ರೇಷ್ಮೆ ಬಟ್ಟೆ ಸುತ್ತಿ, ದಾರ ಕಟ್ಟಿ, ಗಂಟಿಗೆ ಅರಗು ಹಾಕಿ ದೇವರ ಮುಂದಿಟ್ಟರು. ನಿರ್ಮಾಪಕ, ನಿರ್ದೇಶಕ, ಹೀರೋ, ಭಾಮೈದ, ಎಲ್ಲರೂ ಸಾಲಾಗಿ ಅದಕ್ಕೆ ನಮಸ್ಕಾರ ಮಾಡಿದರು. ಲಕ್ಕಮ್ಮನ ಮೂತ್ರದ ಕಥೆಗೆ ಮಂಗಳಾರತಿ ಆಯಿತು. ಅರ್ಚಕರು ಪುಟ ಎಣಿಸಿದ್ದೀರಾ ಅಂದರು. ನೂರೆಂಟು ಅಂದೆ. ಬ್ಯಾಟರಾಯಪ್ಪ ನನ್ನ ಬೆನ್ನು ತಟ್ಟಿದ.

ಮೂರು ದಿನ ಕಳೆದು ನಿರ್ದೇಶಕ ಅರಗು ಒಡೆದು ಮೊದಲ ಪುಟ ನೋಡಿದ. ಆವತ್ತು ಆರ್.ಟಿ. ನಗರದಲ್ಲಿ ವಿಜಯ್ ಕುಮಾರ್ ಕೂಗಿದ್ದು ಯಲಹಂಕದ ನನ್ನ ಅಂಗಡಿಗೆ ಫೋನಿಲ್ಲದೆಯೇ ಕೇಳಿಸಿತು. ಹರಿದು ಹಾಕಿ ಬೇರೆ ಮಾಡೋಣ ಅಂದ. ಬ್ಯಾಟರಾಯಪ್ಪ ಕಣ್ಣು ಅರಳಿಸಿದ.

"ಕಾಮಾ ತೆಗೆದಿದ್ದಕ್ಕೇ ಹಂಗಾಯ್ತು. ಇಡೀ ಕಥೆ ತೆಗೆದ್ರೆ ನೀನು ಉಳೀತೀಯೇನಪ್ಪಾ?"

"ಮತ್ತೇನ್ ಮಾಡ್ಲಿ ಸ್ವಾಮಿ? ಹೀರೋ ಡೇಟ್ಸ್ ಕೊಟ್ಟವ್ನೆ, ಲಾರಿ ಬುಕ್ ಮಾಡಿದೀನಿ."

ಬ್ಯಾಟರಾಯಪ್ಪ ಕಣ್ಣು ಮುಚ್ಚಿದ, ಬೆರಳು ಎಣಿಸಿದ, ದಾರಿ ಕಂಡುಕೊಂಡ. "ಮೊದಲ ಸೀನ್ ಮಾತ್ರ ಪೂಜೆ ಆದ ಫೈಲಿಂದ ಶೂಟ್ ಮಾಡು. ಅಕ್ಷರ ಬಿಡದಂಗೆ. ಅದು ದೇವರಿಗೆ. ಮಿಕ್ಕಿದ್ದು ನಿಂಗೆ."

ಹೀಗೆ ಮುನಿಕೃಷ್ಣಮ್ಮನ ನೂರೆಂಟು ಪುಟದಲ್ಲಿ ಮೂರು ಪುಟ ಬದುಕಿತು. ಆ ಮೂರು ಪುಟದಲ್ಲೇ ಲಕ್ಕಮ್ಮ ಎದ್ದು ನಿಲ್ಲುತ್ತಾಳೆ. ಆಕೆ ಬೇಕೆಂದೇ ಅದನ್ನು ಮುಂದೆ ಇಟ್ಟಿದ್ದಳು. ಏಳು ತಿಂಗಳು ಆ ರೂಮಿನಲ್ಲಿ ಕೂತು ಆಕೆ ಕಲಿತಿದ್ದು ಒಂದೇ, ಈ ಜನ ಮೂರು ಪುಟ ದಾಟುವುದಿಲ್ಲ ಅಂತ.

ಶೂಟಿಂಗಿಗೆ ಗಾರ್ಮೆಂಟ್ಸ್ ಬೇಕಲ್ಲ. ವಿಜಯ್ ಕುಮಾರ್ ತನ್ನ ಹಳೇ ಪರಿಚಯದ ಮ್ಯಾನೇಜರನ್ನು ಕೇಳಿದ. ಕೋಗಿಲು ರಸ್ತೆಯ ಅದೇ ಕಂಪನಿ, ಲಕ್ಕಮ್ಮನ ಕೈಯಲ್ಲಿ ಸಹಿ ಹಾಕಿಸಿದ ಅದೇ ಮ್ಯಾನೇಜರ್. ಅವನಿಗೂ ಕಥೆ ಓದುವ ಅಭ್ಯಾಸ ಇಲ್ಲ. ಭಾನುವಾರ ಜಾಗ ಫ್ರೀ, ಹೆಂಗಸರೂ ಫ್ರೀ ಅಂದ. ನಾಲ್ಕನೇ ಲೈನಿನವರಿಗೆ ಹೇಳಿ ಕಳಿಸಿದ: ಸಿನಿಮಾದಲ್ಲಿ ಬರ್ತೀರಿ, ಪಲಾವ್ ಕೊಡ್ತಾರೆ, ಬರದಿದ್ದರೆ ಸೋಮವಾರ ಮಾತಾಡ್ತೀನಿ.

ಲಕ್ಕಮ್ಮನನ್ನು ಮುನಿಕೃಷ್ಣಮ್ಮ ಕರೆತಂದಳು. ಗೇಟಿನಲ್ಲಿ ಮ್ಯಾನೇಜರ್ ತಡೆದ.

"ಇವಳ್ಯಾಕೆ?"

"ಪಾರ್ಟು ಮಾಡೋಳು. ಜೂನಿಯರ್ ಆರ್ಟಿಸ್ಟು. ಪೂಜೆ ಆಗಿರೋ ಪುಸ್ತಕದಲ್ಲಿ ಲಕ್ಕಮ್ಮ ಅಂತ್ಲೇ ಐತೆ, ನೋಡಿ."

ವಿಜಯ್ ಕುಮಾರ್ ಗಾಬರಿಯಿಂದ ಓಡಿ ಬಂದ. "ಬಿಡಿ ಸಾರ್, ಬಿಡಿ, ಅಕ್ಷರ ಚೇಂಜ್ ಮಾಡಂಗಿಲ್ಲ."

ಅರವತ್ತು ಮಿಶಿನ್ನಿನ ಮುಂದೆ ಅರವತ್ತು ಜನ ಕೂತರು. ಕ್ಯಾಮೆರಾ ನಿಂತಿತು. ಮ್ಯಾನೇಜರ್ ಕೈಯೆತ್ತಿ ಹೇಳಿದ, "ಸುಮ್ನೆ ಆಕ್ಟಿಂಗ್ ಮಾಡಿದ್ರೆ ನ್ಯಾಚುರಲ್ ಆಗಿ ಬರಲ್ಲ. ನಿಜವಾದ ಪೀಸ್ ಹೊಲೀಲಿ." ಕಟ್ಟುಕಟ್ಟು ಕಾಲರ್ ತಂದು ಸುರಿದರು. ಎಕ್ಸ್‌ಪೋರ್ಟ್ ಆರ್ಡರ್, ಸೋಮವಾರ ಕಂಟೇನರ್ ಹತ್ತಬೇಕಾದ್ದು.

ಟೇಕ್ ಒಂದು. ಹೆಂಗಸರು ಹೊಲಿದರು. ಕಟ್. ಟೇಕ್ ಎರಡಕ್ಕೆ ಏರ್‌ಫೋರ್ಸಿನ ವಿಮಾನ ತಲೆ ಮೇಲೆ ಹೋಯಿತು, ಸೌಂಡ್ ಕೆಟ್ಟಿತು. ಮೂರನೆಯದು ನಿರ್ದೇಶಕನಿಗೆ ಇಷ್ಟವಾಯಿತು, ಓಕೆ ಅಂದ. ಮ್ಯಾನೇಜರ್ ಮಾನಿಟರಿನ ಹತ್ತಿರ ಬಂದ.

"ಇನ್ನೊಂದು ತಗೊಳ್ಳಿ ಸಾರ್. ಕೊನೇ ಸಾಲಿನಲ್ಲಿ ಫೀಲ್ ಇಲ್ಲ."

ನಾಲ್ಕು, ಐದು, ಒಂಬತ್ತು, ಹದಿನೈದು. ಹೀರೋ ಕ್ಯಾರವಾನಿನಲ್ಲಿ ಮಲಗಿದ್ದ. ಪಲಾವ್ ಆರಿತು. ಪ್ರತಿ ಟೇಕಿನ ಕೊನೆಗೂ ಹೆಲ್ಪರ್ ಬಂದು ಹೊಲಿದ ಪೀಸು ಎತ್ತಿಕೊಂಡು ಹೋಗುತ್ತಿದ್ದ. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ, ಕಲೆ ಅಂದರೆ ತಪಸ್ಸು ಸಾರ್, ಅನ್ನುತ್ತಿದ್ದ. ಪ್ರಪಂಚದಲ್ಲಿ ಇಷ್ಟು ಶ್ರದ್ಧೆಯ ಕಲಾವಿಮರ್ಶಕನನ್ನು ನಾನು ನೋಡಿಲ್ಲ. ಲಕ್ಕಮ್ಮ ಎದ್ದು ನಿಲ್ಲುವವರೆಗೆ ಸೀನು ಹೋಗಲೇ ಇಲ್ಲ, ಅದಕ್ಕೂ ಮುಂಚೆಯೇ ಕಟ್.

ಇಪ್ಪತ್ತೆರಡನೇ ಟೇಕಿಗೆ ಮುಂಚೆ ನಜ್ಮುನ್ನೀಸಾ ಕೈಯೆತ್ತಿದಳು. "ಸಾರ್, ಬಾತ್‌ರೂಮಿಗೆ ಹೋಗ್ಬೇಕು."

"ಭಾನುವಾರ ಬೀಗ ಹಾಕಿರ್ತೀವಿ ಕಣಮ್ಮಾ. ಒಂದು ಟೇಕ್ ಅಷ್ಟೇ."

ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಹೆಂಡತಿಯ ಮುಖ ನೋಡಿದೆ. ನನ್ನ ಬಾಯಿಯಲ್ಲಿ ದೊಡ್ಡ ಮಾತು ಯಾವುದೂ ಬರಲಿಲ್ಲ.

ಆಕ್ಷನ್ ಅಂದರು. ಮಿಶಿನ್ನುಗಳು ಗರಗರ ಓಡಿದವು. ಲಕ್ಕಮ್ಮನಿಗೆ ತಡೆಯಲಾಗಲಿಲ್ಲವೋ, ಬೇಕಂತಲೇ ಮಾಡಿದಳೋ ತಿಳಿಯದು. ಯಾರೂ ಹೇಳದೆ ಎದ್ದು ನಿಂತಳು. ಮುನಿಕೃಷ್ಣಮ್ಮ ಕ್ಯಾಮೆರಾದ ಹಿಂದಿನಿಂದ ಬಂದು ಆಕೆಯ ಪಕ್ಕದ ಮಿಶಿನ್ನಿನ ಸ್ವಿಚ್ ಆರಿಸಿದಳು. ಅಲ್ಲಿ ಕೂತಿದ್ದವಳು ಎದ್ದಳು. ನಜ್ಮುನ್ನೀಸಾ ಎದ್ದಳು. ಒಂದೊಂದೇ ಮಿಶಿನ್ನು ಆರುತ್ತಾ ಹೋಯಿತು.

"ಕಟ್," ಅಂದ ನಿರ್ದೇಶಕ.

ಯಾರೂ ಕೂರಲಿಲ್ಲ.

"ಕಟ್ ಅಂದೆನಲ್ಲಮ್ಮಾ."

"ಅದು ನಿಮ್ ಕ್ಯಾಮ್ರಾಕ್ಕೆ ಹೇಳಿ ಸಾರ್," ಅಂದಳು ಮುನಿಕೃಷ್ಣಮ್ಮ. "ಇವ್ರಿಗಲ್ಲ."

ಮ್ಯಾನೇಜರ್ ಕೂಗಾಡಿದ. ಸೋಮವಾರ ನೋಡ್ಕೋತೀನಿ ಅಂದ, ಕಾರ್ಡ್ ಕಿತ್ಕೋತೀನಿ ಅಂದ. ವಿಜಯ್ ಕುಮಾರ್ ಫೈಲು ತೆಗೆದು ಬೆರಳಿಟ್ಟು ಓದತೊಡಗಿದ. ಜೀವಮಾನದಲ್ಲಿ ಮೊದಲ ಸಲ ಓದುತ್ತಿದ್ದ.

"ಸಾರ್," ಅಂದ ಮೆಲ್ಲಗೆ, "ಇದರಲ್ಲಿ ಹಿಂಗೇ ಬರೆದೈತೆ. ಎಲ್ಲರೂ ಹೋಗಿ ಬರೋವರೆಗೂ ಯಾರೂ ಕೂರಲ್ಲ ಅಂತ. ಅಕ್ಷರ ಬದಲಾಯಿಸೋ ಹಂಗಿಲ್ಲ. ಬೀಗ ತೆಗೆದ್ಬಿಡಿ ಸಾರ್, ನನ್ ಮನೆ ಉಳ್ಸಿ."

ನಜ್ಮುನ್ನೀಸಾ ಮ್ಯಾನೇಜರನ ಮುಂದೆ ಅಂಗೈ ಚಾಚಿದಳು. ಅವಳ ಹಿಂದೆ ಐವತ್ತೊಂಬತ್ತು ಜನ. ಅವನು ನಿರ್ದೇಶಕನ ಮುಖ ನೋಡಿದ, ಬಾಗಿಲ ಕಡೆ ನೋಡಿದ, ಜೇಬಿಗೆ ಕೈಹಾಕಿ ಬೀಗದ ಕೈ ಕೊಟ್ಟ.

ಕಕ್ಕಸು ಮೂರು. ಹೆಂಗಸರು ಅರವತ್ತು. ಒಬ್ಬೊಬ್ಬರೂ ತಮಗೆ ಬೇಕಾದಷ್ಟು ಹೊತ್ತು ಒಳಗಿದ್ದರು. ಹೊರಗೆ ಬಂದು ಕೈ ತೊಳೆದುಕೊಂಡು, ನಲ್ಲಿಗೆ ಬೊಗಸೆ ಒಡ್ಡಿ ನೀರು ಕುಡಿದು, ಒಳಗೆ ಹೋಗದೆ ನೆರಳಿನಲ್ಲಿ ಕೂತು ಮಾತಿಗಿಳಿದರು. ಕಾಲರ್‌ಗಳು ಸೂಜಿಯ ಕೆಳಗೆ ಹಾಗೆಯೇ ಇದ್ದವು. ಎರಡು ಗಂಟೆಯ ಮೇಲಾಯಿತು. ಕ್ಯಾಮೆರಾದವನು ಕಟ್ ಅಂದಾಗಲೂ ಆಫ್ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಅಷ್ಟರಲ್ಲಿ ಕ್ಯಾರವಾನಿನ ಕಕ್ಕಸಿನಲ್ಲಿ ನೀರು ಮುಗಿದಿತ್ತು. ಹೀರೋ ಇಳಿದು ಬಂದ. ಅವನ ಹಿಂದೆ ವಿಜಯ್ ಕುಮಾರ್, ಅವನ ಹಿಂದೆ ಮ್ಯಾನೇಜರ್. ಮೂವರೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಇನ್ನೂ ಹದಿನೆಂಟು ಹೆಂಗಸರು ಬಾಕಿ ಇದ್ದರು. ಹೀರೋ ಚಿನ್ನದ ಟೋಕನ್ ಅಲ್ಲಾಡಿಸುತ್ತಾ ಸೀದಾ ಬಾಗಿಲಿಗೆ ಹೋದ.

ಲಕ್ಕಮ್ಮ ಅಡ್ಡ ನಿಂತಳು. ಅವಸರ ಇರಲಿಲ್ಲ ಆಕೆಗೆ.

"ಇಂದೆ ನಿಂತ್ಕಳಿ ಸಾಮಿ," ಅಂದಳು. "ಸಾಲೈತೆ."

ಮೂವರೂ ಹೋಗಿ ಹಿಂದೆ ನಿಂತರು.